ತಳಕ್ಕೆ ಸಿಮೆಂಟು ಹಾಕಿಸಿದ ಬಾವಿ

2024ರ ಮಾರ್ಚಿನ ಒಂದು ಬೆಳಗ್ಗೆ ನಮ್ಮ 600 ಅಡಿಯ ಬೋರು ಬರೀ ಗಾಳಿ ಉಗುಳಿತು. ವಿದ್ಯಾರಣ್ಯಪುರದ ನಮ್ಮ ಬೀದಿಯಲ್ಲಿ ಆ ವಾರ ಕೈಕೊಟ್ಟದ್ದು ಅದೊಂದೇ ಅಲ್ಲ. ಬೆಂಗಳೂರಿನ ಸರ್ಕಾರಿ ಕೊಳವೆಬಾವಿಗಳಲ್ಲಿ ಸುಮಾರು ಅರ್ಧ ಬತ್ತಿವೆಯೆಂದು ಸರ್ಕಾರವೇ ಹೇಳುತ್ತಿದ್ದ ದಿನಗಳವು. ಟ್ಯಾಂಕರಿನವನು ಫೋನೆತ್ತುತ್ತಿರಲಿಲ್ಲ, ಎತ್ತಿದಾಗ ಜಿಲ್ಲಾಡಳಿತ ಗೊತ್ತುಮಾಡಿದ ದರ ಅವನಿಗೆ ನೆನಪಿರುತ್ತಿರಲಿಲ್ಲ.

"ಹಿತ್ತಲಲ್ಲಿ ಬಾವಿ ಇಟ್ಕೊಂಡು ಟ್ಯಾಂಕರಿಗೆ ಕಾಯ್ತೀಯಲ್ಲೋ" ಎಂದರು ಅಮ್ಮ.

ಬಾವಿ ಇದ್ದದ್ದು ನಿಜ. ಎಂಬತ್ತರ ದಶಕದಲ್ಲಿ ಅಪ್ಪ ಮನೆ ಕಟ್ಟುವಾಗ ಇತ್ತ ಕಾವೇರಿ ಬಂದಿರಲಿಲ್ಲ. ಮೊದಲು ಬಾವಿ, ಆಮೇಲೆ ಪಾಯ. ಐದಡಿ ಅಗಲ, ಮೂವತ್ತೈದಡಿ ಆಳ, ಸುತ್ತ ಕಲ್ಲಿನ ಕಟ್ಟಡ. ನಲ್ಲಿ ಬಂದ ಮೇಲೆ ಹಗ್ಗ ಬಿಟ್ಟೆವು, ಬೋರು ಬಂದ ಮೇಲೆ ಚಪ್ಪಡಿ ಎಳೆದೆವು. ಮಹಡಿ ಕಟ್ಟಿಸಿದಾಗ ಉಳಿದ ಇಟ್ಟಿಗೆ ಚೂರು, ಒಡೆದ ಟೈಲ್ಸು ಎಲ್ಲ ಅದರೊಳಗೇ ಹೋಯಿತು. ಸುರಿಸಿದವನು ನಾನೇ.

ಹೂಳೆತ್ತಿಸಲು ಒಬ್ಬ ಕಂಟ್ರಾಕ್ಟರನ್ನು ಹಿಡಿದೆ. ಸಂಪು ಕಟ್ಟಿ ಹೆಸರು ಮಾಡಿದವರು. ಕಸ ತೆಗೆಸಿ, ಗೋಡೆಗೆ ಗಿಲಾವು ಮಾಡಿಸಿ, "ಕೆಸರು ಏಳಬಾರದು ಸಾರ್" ಎಂದು ತಳಕ್ಕೆ ಕಾಂಕ್ರೀಟು ಹಾಕಿಸಿದರು. ನಾನು ಫೋಟೊ ತೆಗೆದು ನೆಂಟರಿಗೆಲ್ಲ ಕಳಿಸಿದೆ. ಮೇ ತಿಂಗಳ ಮಳೆಗೆ ಚಾವಣಿಯ ನೀರು ಬಿಟ್ಟೆವು. ಕಾಲುಭಾಗ ತುಂಬಿತು, ವಾರದಲ್ಲಿ ಖಾಲಿಯಾಯಿತು, ಆಮೇಲೆ ಒಂದು ಹನಿಯೂ ಊರಲಿಲ್ಲ. ನಲವತ್ತು ಸಾವಿರ ಕೊಟ್ಟು ಬಾವಿಯನ್ನು ತೊಟ್ಟಿ ಮಾಡಿಸಿಕೊಂಡಿದ್ದೆ.

ಕೊನೆಗೆ ಬಂದವರು ಮಣ್ಣು ವಡ್ಡರು. ತಲೆತಲಾಂತರದಿಂದ ಕೆರೆ, ಬಾವಿ ತೋಡಿಕೊಂಡು ಬಂದ ಜನ. ಕಬ್ಬನ್ ಪಾರ್ಕಿನ ಹಳೆಯ ಬಾವಿಗಳ ಹೂಳೆತ್ತಿ ಮತ್ತೆ ನೀರು ಕಾಣಿಸಿದ್ದೂ ಇವರೇ. ಗುಂಪಿನ ಹಿರಿಯರು ಬಗ್ಗಿ ನೋಡಿ ನಕ್ಕುಬಿಟ್ಟರು. "ಜಲದ ಕಣ್ಣಿಗೇ ಸಿಮೆಂಟು ಮೆತ್ತಿಸಿದ್ದೀರಲ್ಲ ಸ್ವಾಮಿ!"

ಇಳಿಯುವ ಮೊದಲು ಅವರು ದೀಪ ಇಳಿಬಿಟ್ಟರು. ಇಪ್ಪತ್ತಡಿಯಲ್ಲಿ ಆರಿಹೋಯಿತು, ಒಳಗಿನ ಗಾಳಿ ಕೆಟ್ಟಿತ್ತು. ಬೇವಿನ ಸೊಪ್ಪಿನ ಹೊರೆಯನ್ನು ಹಗ್ಗಕ್ಕೆ ಕಟ್ಟಿ ಅರ್ಧ ಗಂಟೆ ಮೇಲೆ ಕೆಳಗೆ ಆಡಿಸಿದರು. ಮತ್ತೆ ದೀಪ ಇಳಿಸಿ, ಅದು ತಳದವರೆಗೂ ಉರಿದದ್ದನ್ನು ಕಂಡ ಮೇಲೆಯೇ ಒಬ್ಬ ಇಳಿದ. ಕಂಟ್ರಾಕ್ಟರನ ಹುಡುಗರು ಏನನ್ನೂ ನೋಡದೆ ಇಳಿದಿದ್ದರು, ನಾನು ಮೇಲೆ ನಿಂತು ಕಾಫಿ ಕುಡಿಯುತ್ತಿದ್ದೆ. ನೆನೆದರೆ ಈಗಲೂ ಮೈ ನಡುಗುತ್ತದೆ.

ಎರಡು ದಿನ ಉಳಿ, ಸುತ್ತಿಗೆಯ ಸದ್ದು. ತಳದ ಕಾಂಕ್ರೀಟು ಒಡೆದರು, ಕಲ್ಲಿನ ಸಂದುಗಳಿಗೆ ಬಳಿದ ಗಿಲಾವು ಕಿತ್ತರು. ಮೂರನೆಯ ಬೆಳಗ್ಗೆ ಒಂದು ಮೂಲೆಯಲ್ಲಿ ನೀರು ಒಸರುತ್ತಿತ್ತು.

"ಮೇಲಿನ ನೀರು ಬೇರೆ, ಬಂಡೆ ಒಳಗಿನ ನೀರು ಬೇರೆ" ಎಂದರು ಹಿರಿಯರು. ನಲವತ್ತು ವರ್ಷ ಈ ನೆಲದ ಮೇಲಿದ್ದೂ ನನಗಿದು ಗೊತ್ತಿರಲಿಲ್ಲ. ಮೇಲೆ ಮಣ್ಣು, ಅದರಡಿ ಶಿಥಿಲವಾದ ಕಲ್ಲಿನ ಪದರ, ಅದಕ್ಕೂ ಕೆಳಗೆ ಗಟ್ಟಿ ಬಂಡೆ. ಮಳೆ ಮೊದಲು ತುಂಬುವುದು ಮೇಲಿನ ಪದರಗಳನ್ನು. ಬೋರು ಕೊರೆಯುವಾಗ ಮಣ್ಣು ಕುಸಿಯದಿರಲೆಂದು ಇಳಿಸುವ ಕೇಸಿಂಗ್ ಪೈಪು ಅವನ್ನೇ ಮುಚ್ಚಿಬಿಡುತ್ತದೆ. ಪಕ್ಕದಲ್ಲೇ ನೀರಿದ್ದರೂ ಬೋರಿಗೆ ದಕ್ಕದು. ಅದು ಬಂಡೆಯ ಬಿರುಕುಗಳಲ್ಲಿ ಎಷ್ಟೋ ವರ್ಷ ಸೇರಿ ನಿಂತದ್ದನ್ನು ಹೀರುತ್ತಿರುತ್ತದೆ.

ಇನ್ನು ಚಾವಣಿಯ ಲೆಕ್ಕ. ನಮ್ಮದು 1,200 ಚದರಡಿ. ಬೆಂಗಳೂರಿನ ಸರಾಸರಿ ಮಳೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್. ಗುಣಿಸಿದರೆ ಲಕ್ಷ ಲೀಟರಿಗೂ ಹೆಚ್ಚು, ಅಂದರೆ 12,000 ಲೀಟರಿನ ಒಂಬತ್ತು ಟ್ಯಾಂಕರು. ಅದನ್ನು ಚರಂಡಿಗೆ ಬಿಟ್ಟು, ನೂರು ಕಿಲೋಮೀಟರ್ ಆಚೆಯ ತೊರೆಕಾಡನಹಳ್ಳಿಯಿಂದ ಬರಬೇಕಾದ ಕಾವೇರಿ ನೀರಿಗೆ ಕಾದು ಕೂತಿದ್ದೆವು. ಮಳೆಕೊಯ್ಲಿನ ಕಾನೂನು 2009ರಿಂದ ಇದೆ. ಅದರ ಹೆಸರಿಗೆ ಒಂದು ಡ್ರಮ್ಮು ನಮ್ಮಲ್ಲೂ ತುಕ್ಕು ಹಿಡಿಯುತ್ತಿತ್ತು. ಈಗ ಜಲ್ಲಿ, ಮರಳು, ಇದ್ದಿಲು ತುಂಬಿದ ಹೊಸ ಡ್ರಮ್ಮಿನ ಮೂಲಕ ನೀರು ಬಾವಿಗೆ ಇಳಿಯುತ್ತದೆ. ಮೊದಲ ಮಳೆಯನ್ನು ಮಾತ್ರ ಹೊರಗೆ ಬಿಡುತ್ತೇವೆ, ಪಾರಿವಾಳಗಳ ಪ್ರಸಾದ ಅದರಲ್ಲಿರುತ್ತದೆ.

ನೀರು ಬಂದಾಕ್ಷಣ ಮುಗಿಯಲಿಲ್ಲ. ಪರೀಕ್ಷೆಯ ಬಾಟಲಿ ಒಂದೇ ದಿನಕ್ಕೆ ಕಪ್ಪಾಯಿತು, ಅಂದರೆ ನೀರಿಗೆ ಕೊಳಕು ಸೇರುತ್ತಿತ್ತು. ಪಕ್ಕದ ಮನೆಯ ಒಳಚರಂಡಿ ಪೈಪು ಸೋರುತ್ತಿತ್ತು. ಎರಡು ತಿಂಗಳು ಮಾತುಕತೆ, ಒಂದು ವಾರ ಮಾತೇ ಇಲ್ಲ, ಕೊನೆಗೆ ಖರ್ಚು ಅರ್ಧರ್ಧ. ಬಾವಿ ನಮ್ಮ ಹಿತ್ತಲಲ್ಲಿರಬಹುದು, ಒಳಗಿನ ನೀರು ಇಡೀ ಬೀದಿಯದು. ಇವತ್ತಿಗೂ ಕುಡಿಯಲು ಕಾವೇರಿ. ಬಟ್ಟೆ, ಪಾತ್ರೆ, ಶೌಚಾಲಯ, ಗಿಡಗಳಿಗೆ ಬಾವಿ. ದಿನವೂ ಸೇದದಿದ್ದರೆ ನೀರು ವಾಸನೆ ಹಿಡಿಯುತ್ತದೆ, ಹಾಗಾಗಿ ಬೆಳಗ್ಗೆ ಎಂಟಕ್ಕೆ ಪಂಪು ಹಾಕುವುದು ನನ್ನ ಪಾಳಿ. ಸೊಳ್ಳೆಗೆ ಗಪ್ಪಿ ಮೀನು ಬಿಟ್ಟಿದ್ದೇವೆ. ಮುಂದಿನ ಮಾರ್ಚಿನಲ್ಲಿ ಅಮ್ಮ ಹಗ್ಗಕ್ಕೆ ಕಲ್ಲು ಕಟ್ಟಿ ಅಳೆಸಿದರು: ಒಂಬತ್ತಡಿ ನೀರು.

ನಿಮ್ಮ ಮನೆಯಲ್ಲೂ ಚಪ್ಪಡಿ ಮುಚ್ಚಿದ ಬಾವಿಯಿದ್ದರೆ ಬೇಸಿಗೆಗೆ ಮುಂಚೆ ಒಮ್ಮೆ ತೆರೆದು ನೋಡಿ. ಕೆಲಸಕ್ಕೆ ಬಂದವರನ್ನು ಎರಡೇ ಮಾತು ಕೇಳಿ: ಇಳಿಯುವ ಮೊದಲು ಗಾಳಿ ಹೇಗೆ ನೋಡುತ್ತೀರಿ, ತಳಕ್ಕೆ ಏನು ಹಾಕುತ್ತೀರಿ. ಎರಡನೆಯದಕ್ಕೆ "ಸಿಮೆಂಟು" ಎಂದರೆ ಕಾಫಿ ಕೊಟ್ಟು ಕಳಿಸಿಬಿಡಿ.