ಹಳೆಯ ವರ್ಕ್‌ಸ್ಟೇಷನ್‌ಗೆ ರ್‍ಯಾಮ್ ತರುವ ಮುನ್ನ ಸ್ಟಿಕ್ಕರ್ ಓದಿ

ಪವರ್ ಬಟನ್ ಒತ್ತಿದ ಕೂಡಲೇ ಫ್ಯಾನು ತಿರುಗಿತು. ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ಕೆಂಪು ದೀಪ ಐದು ಸಲ ಮಿನುಗಿತು, ಜೊತೆಗೆ ಐದು ಬೀಪ್. ಎರಡು ಸೆಕೆಂಡ್ ಸುಮ್ಮನಿದ್ದು ಮತ್ತೆ ಐದು.

‘ಏನ್ ಸಾರ್, ಇದ್ದದ್ದೂ ಹೋಯ್ತಾ?’ ಎಂದರು ಸರಸ್ವತಿಪುರಂನಲ್ಲಿ ಫೋಟೊ ಸ್ಟುಡಿಯೊ ನಡೆಸುವ ಗೆಳೆಯರು.

ಹೋಗಿರಲಿಲ್ಲ. ಎಚ್‌ಪಿ ಝೆಡ್420 ವರ್ಕ್‌ಸ್ಟೇಷನ್‌ನಲ್ಲಿ ಐದು ಮಿನುಗು, ಐದು ಬೀಪ್ ಎಂದರೆ ಮೆಮೊರಿ ದೋಷ. ಹಳೆಯ ಸ್ಟಿಕ್‌ಗಳನ್ನು ವಾಪಸ್ ಹಾಕಿದೊಡನೆ ಯಂತ್ರ ಎದ್ದು ಕೂತಿತು. ನಾವು ತರಿಸಿದ್ದ ಎರಡು 8 ಜಿಬಿ ಸ್ಟಿಕ್‌ಗಳೂ ಕೆಟ್ಟಿರಲಿಲ್ಲ, ಬೇರೆ ಜಾತಿಯವಾಗಿದ್ದವು. ತಪ್ಪು ಸ್ಟಿಕ್ಕರನ್ನು ಅರೆಬರೆ ಓದಿದ ನಮ್ಮದೇ. ಆ ಓದು ಸರಿಯಾಗಿದ್ದರೆ ಉಳಿದ ಕೆಲಸಕ್ಕೆ ಅರ್ಧ ಗಂಟೆ, ಒಂದು ಟಾರ್ಚು ಸಾಕು.

ಮೈಸೂರಿನಲ್ಲಿ ಇಂಥ ಯಂತ್ರಗಳಿಗೆ ಬರವಿಲ್ಲ. ಬೆಂಗಳೂರಿನ ಕಂಪನಿಗಳು ಕೆಲವು ವರ್ಷ ದುಡಿಸಿ ಹೊರಹಾಕಿದ ಎಚ್‌ಪಿ ಝೆಡ್, ಡೆಲ್ ಪ್ರಿಸಿಷನ್, ಲೆನೊವೊ ಥಿಂಕ್‌ಸ್ಟೇಷನ್‌ಗಳು ‘ರೀಫರ್ಬಿಷ್ಡ್’ ಎಂಬ ಹೆಸರು ಹೊತ್ತು ನಮ್ಮೂರಿನ ಸ್ಟುಡಿಯೊ, ಪ್ರೆಸ್ಸು, ಆರ್ಕಿಟೆಕ್ಟ್‌ಗಳ ಕಚೇರಿ, ಎಂಜಿನಿಯರಿಂಗ್ ಹುಡುಗರ ರೂಮು ಸೇರುತ್ತವೆ. ಹಗಲು ರಾತ್ರಿ ಓಡಲೆಂದೇ ಕಟ್ಟಿದ ಗಟ್ಟಿ ಪೆಟ್ಟಿಗೆಗಳು ಇವು. 2012ರ ಝೆಡ್420ಯ ಝಿಯಾನ್ ಪ್ರೊಸೆಸರ್ ಇಂದಿಗೂ ಆಲ್ಬಂ ಕೆಲಸಕ್ಕೆ ಸುಸ್ತಾಗದು. ಸುಸ್ತಾಗುವುದು ಅದರ ಜೊತೆ ಬಂದ 8 ಜಿಬಿ ರ್‍ಯಾಮ್.

ಮೊದಲು ರೋಗ ಯಾವುದೆಂದು ನೋಡಿ

ಕಂಪ್ಯೂಟರ್ ನಿಧಾನವಾಯಿತು ಎಂದಾಕ್ಷಣ ‘ರ್‍ಯಾಮ್ ಹಾಕಿಸಿ’ ಎನ್ನುವವರೇ ಹೆಚ್ಚು. ತಲೆನೋವಿಗೆಲ್ಲ ಒಂದೇ ಮಾತ್ರೆ ಕೊಟ್ಟ ಹಾಗೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿ ಆರಿಸಿ, ಅದನ್ನು ಹಾಗೇ ಬಿಟ್ಟು ದಿನದ ಕೆಲಸ ಮಾಡಿ. ಕೆಲಸ ತುಂಬಿರುವ ಹೊತ್ತಿನಲ್ಲಿ ಮೆಮೊರಿ ಶೇ 90ರ ಆಚೀಚೆ ನಿಂತು, ಹಾರ್ಡ್ ಡಿಸ್ಕ್ ಬಿಡುವಿಲ್ಲದೆ ಕರಕರ ಅನ್ನುತ್ತಿದ್ದರೆ ಕೊರತೆ ರ್‍ಯಾಮ್‌ನದೇ. ಶೇ 50 ದಾಟದೆಯೇ ಯಂತ್ರ ತೆವಳುತ್ತಿದ್ದರೆ ದುಡ್ಡು ಉಳಿಸಿ ಎಸ್‌ಎಸ್‌ಡಿ ಹಾಕಿಸಿ.

ಸ್ಟುಡಿಯೊದವರ ಲೆಕ್ಕ ಹೀಗಿದೆ. ಮದುವೆ ಆಲ್ಬಂನ 12×36 ಇಂಚಿನ ಒಂದು ಹಾಳೆ, ಇಂಚಿಗೆ 300 ಚುಕ್ಕೆ: ಅಡ್ಡ 10,800, ಉದ್ದ 3,600. ಒಟ್ಟು 3.89 ಕೋಟಿ ಚುಕ್ಕೆ. ಒಂದೊಂದಕ್ಕೆ ಮೂರು ಬೈಟ್ ಎಂದರೆ ಒಂದು ಲೇಯರ್‌ಗೆ ಸುಮಾರು 117 ಎಂಬಿ. ವಧೂವರರ ಹಿಂದೆ ಅರಮನೆ, ಅದರ ಮೇಲೆ ಹೂವು, ಅದರ ಮೇಲೆ ಹೊಗೆ ಎಂದು ಇಪ್ಪತ್ತು ಪೂರ್ಣ ಲೇಯರ್ ಏರಿಸಿದರೆ 2.3 ಜಿಬಿ. ಅನ್‌ಡು ಮಾಡಲು ಫೋಟೊಶಾಪ್ ಇಟ್ಟುಕೊಳ್ಳುವ ಇತಿಹಾಸ ಬೇರೆ. ಪಕ್ಕದಲ್ಲಿ ಇನ್ನೆರಡು ಹಾಳೆ ತೆರೆದಿದ್ದರೆ 8 ಜಿಬಿ ಎಲ್ಲಿಗೆ ಸಾಕು?

ಇದೇ ಲೆಕ್ಕ ಲಗ್ನಪತ್ರಿಕೆ, ಕರಪತ್ರ ಮಾಡುವ ಪ್ರೆಸ್ಸಿಗೆ ಅನ್ವಯಿಸುವುದಿಲ್ಲ. ನುಡಿ ಅಕ್ಷರಗಳಲ್ಲಿ ಪೇಜ್‌ಮೇಕರ್ 7 ಬಳಸುವವರು ಇನ್ನೂ ಇದ್ದಾರೆ. 2001ರ ಆ ತಂತ್ರಾಂಶಕ್ಕೆ 32 ಜಿಬಿ ಕೊಟ್ಟರೂ ಅದು ತಿರುಗಿ ನೋಡದು. ವಿಂಡೋಸ್ 32 ಬಿಟ್‌ನದಾಗಿದ್ದರಂತೂ 4 ಜಿಬಿಗಿಂತ ಹೆಚ್ಚು ಹಾಕಿ ಪ್ರಯೋಜನವಿಲ್ಲ. 64 ಬಿಟ್‌ನದಾದರೂ ವಿಂಡೋಸ್ 7 ಹೋಮ್ ಬೇಸಿಕ್ 8 ಜಿಬಿಗೆ, ಹೋಮ್ ಪ್ರೀಮಿಯಂ 16 ಜಿಬಿಗೆ ನಿಲ್ಲುತ್ತದೆ. ‘ದಿಸ್ ಪಿಸಿ’ (ವಿಂಡೋಸ್ 7ರಲ್ಲಿ ‘ಕಂಪ್ಯೂಟರ್’) ಮೇಲೆ ಬಲಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿದರೆ ಯಾವುದಿದೆ ಎಂದು ತಿಳಿಯುತ್ತದೆ.

ಇನ್ನೊಂದು ಮಾತು. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಈ ಕಾಲದ ಝಿಯಾನ್‌ಗಳು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಆಲ್ಬಂ, ಡ್ರಾಯಿಂಗ್ ಮಾಡಲು ಯಂತ್ರ ಇರಲಿ, ಬ್ಯಾಂಕ್ ವ್ಯವಹಾರ ಅದರಲ್ಲಿ ಬೇಡ. ಲಿನಕ್ಸ್ ಒಗ್ಗುವವರಿಗೆ ಈ ಚಿಂತೆಯಿಲ್ಲ.

ಸ್ಟಿಕ್ಕರಿನ ಜಾತಕ

ಮಾಮೂಲಿ ಡೆಸ್ಕ್‌ಟಾಪ್‌ಗೆ ರ್‍ಯಾಮ್ ತರುವಾಗ ಡಿಡಿಆರ್3 ಬೇಕೋ, ಡಿಡಿಆರ್4 ಬೇಕೋ ಎಂದು ಹೇಳಿದರೆ ಅಂಗಡಿಯವರು ಎತ್ತಿ ಕೊಡುತ್ತಾರೆ. ಡಿಡಿಆರ್3ಗೆ 240 ಪಿನ್, ಡಿಡಿಆರ್4ಗೆ 288. ನಡುವಿನ ಕಚ್ಚು ಇರುವ ಜಾಗವೂ ಬೇರೆ, ಒಂದು ಇನ್ನೊಂದರ ಸ್ಲಾಟ್‌ನಲ್ಲಿ ಕೂರುವುದೇ ಇಲ್ಲ. ವರ್ಕ್‌ಸ್ಟೇಷನ್‌ನಲ್ಲಿ ಗೋಜಲು ಶುರುವಾಗುವುದು ಇದಾದ ಮೇಲೆ. ಇಲ್ಲಿ ಕಚ್ಚು ಹೊಂದುತ್ತದೆ, ಸ್ಟಿಕ್ ಸಲೀಸಾಗಿ ಕೂರುತ್ತದೆ, ಯಂತ್ರ ಮಾತ್ರ ಏಳುವುದಿಲ್ಲ.

ಕಾರಣ ಇಸಿಸಿ ಮತ್ತು ರಿಜಿಸ್ಟರ್ಡ್ ಎಂಬ ಎರಡು ಗುಣಗಳು. ಸಾಮಾನ್ಯ ಸ್ಟಿಕ್ ಒಂದು ಸಲಕ್ಕೆ 64 ಬಿಟ್ ಸಾಗಿಸಿದರೆ ಇಸಿಸಿ ಸ್ಟಿಕ್ 72 ಬಿಟ್ ಸಾಗಿಸುತ್ತದೆ. ಹೆಚ್ಚಿನ ಎಂಟು ಬಿಟ್ ತಪ್ಪು ಹಿಡಿಯಲು. ಅದನ್ನು ಒಳ್ಳೆಯ ಪ್ರೂಫ್ ರೀಡರ್ ಅನ್ನಿ: ಒಂದಕ್ಷರ ತಪ್ಪಿದ್ದರೆ ತಾನೇ ತಿದ್ದುತ್ತದೆ, ಎರಡು ತಪ್ಪಿದ್ದರೆ ‘ಇಲ್ಲೇನೋ ತಪ್ಪಿದೆ’ ಎಂದು ಹೇಳುತ್ತದೆ. ಸ್ಟಿಕ್ ಕೈಯಲ್ಲಿ ಹಿಡಿದು ಒಂದು ಬದಿಯ ಕಪ್ಪು ಚಿಪ್‌ಗಳನ್ನು ಎಣಿಸಿ. ಎಂಟಿದ್ದರೆ ಸಾಮಾನ್ಯ, ಒಂಬತ್ತಿದ್ದರೆ ಇಸಿಸಿ. ಒಂಬತ್ತರ ಜೊತೆಗೆ ನಟ್ಟನಡುವೆ ಬೇರೆ ಆಕಾರದ ಚಿಪ್ ಒಂದಿದ್ದರೆ ಅದು ರಿಜಿಸ್ಟರ್ಡ್. ಪ್ರೊಸೆಸರ್‌ಗೂ ಮೆಮೊರಿಗೂ ಮಧ್ಯೆ ಅಪ್ಪಣೆ ದಾಟಿಸುವ ಗುಮಾಸ್ತ ಆ ಚಿಪ್. ಗುಮಾಸ್ತನಿಲ್ಲದ್ದನ್ನು ಅನ್‌ಬಫರ್ಡ್ ಎನ್ನುತ್ತಾರೆ. ಇವೆರಡನ್ನೂ ಒಂದೇ ಯಂತ್ರದಲ್ಲಿ ಬೆರೆಸುವಂತಿಲ್ಲ.

ಝೆಡ್420 ಬೇಡುವುದು ಅನ್‌ಬಫರ್ಡ್ ಇಸಿಸಿ. ರಿಜಿಸ್ಟರ್ಡ್ ಕಂಡರೆ ಅದಕ್ಕಾಗದು. ಆದರೆ ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಅಗ್ಗವಾಗಿ, ರಾಶಿರಾಶಿ ಸಿಗುವುದು ರಿಜಿಸ್ಟರ್ಡೇ. ಡೇಟಾ ಸೆಂಟರ್‌ಗಳು ಬಿಚ್ಚಿ ಹಾಕಿದ ಸರ್ವರ್‌ಗಳಿಂದ ಬಂದ ಮಾಲು ಅದು. ಅಗ್ಗ ಕಂಡಿತು, ಬಿದ್ದೆವು.

ಸ್ಟಿಕ್ಕರ್ ಮೇಲಿನ ಸಾಲು ಹೀಗಿರುತ್ತದೆ: 8ಜಿಬಿ 2ಆರ್×8 ಪಿಸಿ3-12800ಇ-11-11. ಇದರಲ್ಲಿ ನೋಡಬೇಕಾದ್ದು 12800ರ ಬೆನ್ನಿಗೇ ಅಂಟಿದ ಅಕ್ಷರ. ‘ಇ’ ಎಂದರೆ ಅನ್‌ಬಫರ್ಡ್ ಇಸಿಸಿ. ‘ಆರ್’ ಎಂದರೆ ರಿಜಿಸ್ಟರ್ಡ್. ‘ಯು’ ಎಂದರೆ ಇಸಿಸಿ ಇಲ್ಲದ ಸಾಮಾನ್ಯ. ‘ಎಲ್’ ಎಂದರೆ ದೊಡ್ಡ ಸರ್ವರ್‌ಗಳ ಲೋಡ್ ರೆಡ್ಯೂಸ್ಡ್. ಮೋಸ ಹೋಗುವ ಜಾಗಗಳೂ ಇದೇ ಸಾಲಿನಲ್ಲಿವೆ. 2ಆರ್×8ರಲ್ಲಿರುವ ‘ಆರ್’ ಚಿಪ್‌ಗಳ ರ್‍ಯಾಂಕ್ ಹೇಳುತ್ತದೆ, ರಿಜಿಸ್ಟರ್ಡ್ ಎಂದಲ್ಲ. ಪಿಸಿ3ಎಲ್ ಎಂದಿದ್ದರೆ ಆ ‘ಎಲ್’ 1.5 ವೋಲ್ಟ್ ಬದಲು 1.35 ವೋಲ್ಟ್‌ನಲ್ಲೂ ನಡೆಯುತ್ತದೆ ಎಂಬ ಸೂಚನೆ. ನಮ್ಮನ್ನು ಕೆಡವಿದ್ದು ಸಾಲಿನ ಬಾಲ. ನಾವು ತರಿಸಿದ್ದರಲ್ಲಿ 12800ರ ಮುಂದೆ ‘ಆರ್’ ಸ್ಪಷ್ಟವಾಗಿಯೇ ಇತ್ತು. ತುದಿಯಲ್ಲಿ ‘ಇ2’ ಎಂದೂ ಇತ್ತು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಮಸುಕು ಫೋಟೊದಲ್ಲಿ ಆ ಇ2 ನೋಡಿ ‘ಇ ಇದೆ, ತಗೊಳಿ’ ಎಂದವನು ನಾನೇ. ಅದು ಸರ್ಕ್ಯೂಟ್ ಬೋರ್ಡಿನ ವಿನ್ಯಾಸ ಸಂಖ್ಯೆ!

12800 ಎಂದರೆ 1600ರ ವೇಗ, 10600 ಎಂದರೆ 1333, 14900 ಎಂದರೆ 1866. ವೇಗ ಬೆರಕೆಯಾದರೆ ಎಲ್ಲವೂ ನಿಧಾನದ್ದರ ಹೆಜ್ಜೆಗೆ ಇಳಿಯುತ್ತವೆ, ಯಂತ್ರವೇನೂ ನಿಲ್ಲುವುದಿಲ್ಲ.

ಇನ್ನು ಯಂತ್ರದ ಮಿತಿ. ಝೆಡ್420ಯಲ್ಲಿ ಎಂಟು ಸ್ಲಾಟ್, ಗರಿಷ್ಠ 64 ಜಿಬಿ, ಅಂದರೆ ಒಂದೊಂದರಲ್ಲಿ 8 ಜಿಬಿ. ನಾಲ್ಕು ಚಾನೆಲ್ ಇರುವುದರಿಂದ ಎರಡರ ಬದಲು ಒಂದೇ ಥರದ ನಾಲ್ಕು ಸ್ಟಿಕ್ ಹಾಕಿದರೆ ಒಳ್ಳೆಯದು. ಡೆಲ್ ಪ್ರಿಸಿಷನ್ ಟಿ3500ರಲ್ಲಿ ಆರು ಸ್ಲಾಟ್, ಮೂರು ಚಾನೆಲ್, ಅಲ್ಲಿ ಮೂರು ಮೂರರ ಲೆಕ್ಕ. ಎಚ್‌ಪಿ ಝೆಡ್230, ಡೆಲ್ ಟಿ1700ಗಳಲ್ಲಿ ನಾಲ್ಕು ಸ್ಲಾಟ್, 32 ಜಿಬಿಯೇ ಕೊನೆ. ಝೆಡ್440 ಬಂದಾಗ ಎಲ್ಲ ತಲೆಕೆಳಗು: ಅದಕ್ಕೆ ಡಿಡಿಆರ್4, ಅದೂ ರಿಜಿಸ್ಟರ್ಡ್ ಬೇಕು. ನಿಮ್ಮದು ಬೇರೆ ಮಾದರಿಯಾದರೆ ಕಂಪನಿಯ ಜಾಲತಾಣದಿಂದ ಸರ್ವಿಸ್ ಮ್ಯಾನ್ಯುಯಲ್ ಇಳಿಸಿಕೊಳ್ಳಿ. ಅದಕ್ಕಿಂತ ಸುಲಭದ ದಾರಿ, ಒಳಗಿರುವ ಸ್ಟಿಕ್ ಒಂದನ್ನು ತೆಗೆದು ಸ್ಟಿಕ್ಕರಿನ ಫೋಟೊ ಹೊಡೆದು ಅದನ್ನೇ ಅಂಗಡಿಯಲ್ಲಿ ತೋರಿಸುವುದು.

ಅನ್‌ಬಫರ್ಡ್ ಇಸಿಸಿ ಇಲ್ಲಿಯ ಅಂಗಡಿಗಳಲ್ಲಿ ಕೇಳಿದ ತಕ್ಷಣ ಸಿಗುವುದು ಅಪರೂಪ. ಎಲ್ಲರೂ ಬೆರಳು ತೋರಿಸುವುದು ಬೆಂಗಳೂರಿನ ಎಸ್.ಪಿ. ರಸ್ತೆಯ ಕಡೆಗೆ. ಹೋಗುವವರಿದ್ದರೆ ಸ್ಟಿಕ್ ಅನ್ನೇ ಕೊಟ್ಟು ಕಳಿಸಿ. ಹಳೆಯ ಮಾಲಿಗೆ ಗ್ಯಾರಂಟಿ ಕೇಳಿದರೆ ನಗುತ್ತಾರೆ. ಹೊಂದದಿದ್ದರೆ ವಾರದೊಳಗೆ ವಾಪಸ್ ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳುವುದಕ್ಕೆ ಮಾತ್ರ ಸಂಕೋಚ ಬೇಡ.

ಕೂರಿಸುವ ಕೆಲಸ

ಸ್ಟುಡಿಯೊದವರಿಗೆ ಆಷಾಢ ಒಳ್ಳೆಯ ಕಾಲ. ಮದುವೆಗಳಿಲ್ಲ, ಗಾಳಿಯಲ್ಲಿ ತೇವವೂ ಇರುತ್ತದೆ. ಶಿವರಾತ್ರಿ ಆಸುಪಾಸಿನ ಒಣ ಹವೆಯಲ್ಲಿ ಮೈಮೇಲಿನ ಸ್ಥಿರ ವಿದ್ಯುತ್ತು ಜಾಸ್ತಿ. ನಮಗೆ ಚುರುಕ್ ಅನ್ನದಷ್ಟು ಸಣ್ಣ ಕಿಡಿಯೂ ಚಿಪ್ ಕೊಲ್ಲಬಲ್ಲದು.

ಫೈಲ್‌ಗಳನ್ನು ಬೇರೆಡೆ ನಕಲು ಮಾಡಿಟ್ಟು ಯಂತ್ರವನ್ನು ಪೂರ್ತಿ ಶಟ್‌ಡೌನ್ ಮಾಡಿ. ಗೋಡೆಯ ಸ್ವಿಚ್ ಆರಿಸಿ ಪವರ್ ಕೇಬಲ್ ಕೀಳಿ, ಯುಪಿಎಸ್ ನೆಚ್ಚಿಕೊಂಡು ಹಾಗೇ ಬಿಡಬೇಡಿ. ಪವರ್ ಬಟನ್ನನ್ನು ಐದಾರು ಸೆಕೆಂಡ್ ಒತ್ತಿ ಹಿಡಿದರೆ ಒಳಗೆ ಉಳಿದ ಕರೆಂಟೂ ಹರಿದು ಹೋಗುತ್ತದೆ. ಮದರ್‌ಬೋರ್ಡಿನ ಪುಟ್ಟ ದೀಪ ಇನ್ನೂ ಉರಿಯುತ್ತಿದ್ದರೆ ಕೈ ಹಾಕಬೇಡಿ.

ನಾವೆಲ್ಲ ಸಿಪಿಯು ಎಂದು ಕರೆಯುವ ಆ ಡಬ್ಬವನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ ಪಕ್ಕದ ಬಾಗಿಲು ತೆಗೆಯಿರಿ. ಝೆಡ್420ಯಲ್ಲಿ ಸ್ಕ್ರೂಡ್ರೈವರ್ ಬೇಕಿಲ್ಲ, ಹಿಡಿ ಎತ್ತಿ ಎಳೆದರೆ ಬರುತ್ತದೆ. ವರ್ಷಗಳ ಧೂಳು ಇರುತ್ತದೆ. ಹೊರಗೆ ತಂದು ಬ್ಲೋವರ್ ಹಿಡಿಯಿರಿ, ಆಗ ಫ್ಯಾನಿನ ರೆಕ್ಕೆ ಗರಗರ ತಿರುಗದಂತೆ ಒಂದು ಬೆರಳಿಂದ ತಡೆದಿರಿ. ಇದ್ದದ್ದು ಇದ್ದ ಹಾಗೆ ಮೊಬೈಲ್‌ನಲ್ಲಿ ಫೋಟೊ ಹೊಡೆದುಕೊಳ್ಳಿ. ಮೆಮೊರಿಯ ಮೇಲೆ ಪ್ಲಾಸ್ಟಿಕ್ ಹೊದಿಕೆಯಿದ್ದರೆ ಬಿಚ್ಚಿ, ಅದನ್ನು ವಾಪಸ್ ಹಾಕಲು ಮರೆಯುವವರು ಬಹಳ.

ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ. ನಡುನಡುವೆ ಮತ್ತೆ ಮುಟ್ಟುತ್ತಿರಿ. ಸ್ಲಾಟ್‌ನ ಎರಡೂ ತುದಿಯ ಕ್ಲಿಪ್ಪನ್ನು ಹೊರಕ್ಕೆ ಒತ್ತಿದರೆ ಹಳೆಯ ಸ್ಟಿಕ್ ತಾನೇ ಮೇಲೇಳುತ್ತದೆ. ಹೊಸತನ್ನು ಅಂಚು ಹಿಡಿದೇ ಎತ್ತಿ, ಚಿನ್ನದ ಬಣ್ಣದ ಹಲ್ಲುಗಳಿಗೆ ಬೆರಳು ತಾಗದಿರಲಿ. ಹಲ್ಲು ಮಸುಕಾಗಿದ್ದರೆ ನಮ್ಮ ಮೆಕ್ಯಾನಿಕ್‌ಗಳು ಪೆನ್ಸಿಲ್ ರಬ್ಬರಿನಿಂದ ಉಜ್ಜುತ್ತಾರೆ. ಕೆಲಸ ಮಾಡುತ್ತದೆ ನಿಜ, ಆದರೆ ಮೆಲ್ಲಗೆ ಉಜ್ಜಿ, ಪುಡಿಯನ್ನು ಬ್ರಶ್‌ನಿಂದ ಪೂರ್ತಿ ಕೊಡವಿ. ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆ ಇನ್ನೂ ಒಳ್ಳೆಯದು.

ಯಾವ ಸ್ಲಾಟ್ ಮೊದಲು ಎಂಬುದನ್ನು ಊಹಿಸಬೇಡಿ. ಬಾಗಿಲಿನ ಒಳಮೈಯಲ್ಲಿ ಅಥವಾ ಬೋರ್ಡಿನ ಮೇಲೆ ಕ್ರಮ ಬರೆದಿರುತ್ತದೆ. ಕಚ್ಚು ನೋಡಿ ನೇರವಾಗಿ ಇಟ್ಟು ಎರಡು ಹೆಬ್ಬೆರಳಿನಿಂದ ಎರಡೂ ತುದಿ ಒಟ್ಟಿಗೆ ಒತ್ತಿ. ಮುರಿದೇ ಹೋಗುತ್ತದೇನೋ ಅನ್ನಿಸುವಷ್ಟು ಬಲ ಬೇಕಾಗುತ್ತದೆ. ಟಕ್ ಎಂದು ಕ್ಲಿಪ್ ತಾನಾಗಿ ಮುಚ್ಚಿಕೊಂಡರೆ ಕೂತಿತು ಎಂದರ್ಥ. ಕ್ಲಿಪ್ಪನ್ನು ನೀವೇ ಎಳೆದು ಮುಚ್ಚಬೇಕಾಯಿತೇ? ಕೂತಿಲ್ಲ, ತೆಗೆದು ಮತ್ತೆ ಹಾಕಿ. ಬಾಗಿಲು ತೆಗೆದದ್ದೇ ಆಯಿತು, ಸಿಆರ್2032 ಗುಂಡು ಸೆಲ್ಲನ್ನೂ ಬದಲಿಸಿಬಿಡಿ. ತಾರೀಖು ಹಿಂದೆ ಹೋಗುವ ಕಾಟ ತಪ್ಪುತ್ತದೆ.

ಎದ್ದ ಮೇಲೆ

ಮೊದಲ ಸಲ ಯಂತ್ರ ತಡವಾಗಿ ಏಳಬಹುದು, ಗಾಬರಿ ಬೇಡ. ಎಚ್‌ಪಿಯಲ್ಲಿ ಎಫ್10, ಡೆಲ್‌ನಲ್ಲಿ ಎಫ್2, ಥಿಂಕ್‌ಸ್ಟೇಷನ್‌ನಲ್ಲಿ ಎಫ್1 ಒತ್ತಿ ಬಯೋಸ್‌ನಲ್ಲಿ ಒಟ್ಟು ಮೆಮೊರಿ ನೋಡಿ. 32 ಜಿಬಿ ಹಾಕಿದ್ದರೆ 32768 ಎಂಬಿ ತೋರಿಸಬೇಕು. ಕಡಿಮೆ ಕಂಡರೆ ಯಾವುದೋ ಸ್ಟಿಕ್ ಸರಿಯಾಗಿ ಕೂತಿಲ್ಲ. ಏಳಲೇ ಇಲ್ಲವೆಂದರೆ ಕರೆಂಟ್ ಕಿತ್ತು, ಮೊದಲ ಸ್ಲಾಟ್‌ನಲ್ಲಿ ಒಂದೊಂದನ್ನೇ ಹಾಕಿ ಕಳ್ಳನನ್ನು ಹಿಡಿಯಿರಿ.

ಸೆಕೆಂಡ್‌ಹ್ಯಾಂಡ್ ಸ್ಟಿಕ್ ತಂದವರು ಮೆಮ್‌ಟೆಸ್ಟ್86 ಪ್ಲಸ್ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಯಂತ್ರ ಎಬ್ಬಿಸಿ ಒಂದು ರಾತ್ರಿ ಓಡಲು ಬಿಡಿ. ಬೆಳಗ್ಗೆ ಕೆಂಪು ಸಾಲು ಒಂದೇ ಒಂದು ಕಂಡರೂ ವಾಪಸ್ ಕೊಡಿ. ‘ಒಂದೇ ತಾನೆ’ ಎಂದು ಬಿಟ್ಟರೆ ಆಲ್ಬಂ ಸೇವ್ ಆಗುವ ಹೊತ್ತಿಗೇ ಅದು ಕೈಕೊಡುತ್ತದೆ. ಕೊನೆಯದಾಗಿ ಫೋಟೊಶಾಪ್‌ನ ಪ್ರಿಫರೆನ್ಸಸ್‌ಗೆ ಹೋಗಿ ಅದು ಬಳಸಬಹುದಾದ ರ್‍ಯಾಮ್‌ನ ಪಾಲು ಎಷ್ಟಿದೆ ನೋಡಿ. ಶೇ 70 ಇಟ್ಟರೆ ವಿಂಡೋಸ್‌ಗೂ ಉಸಿರಾಡಲು ಜಾಗವಿರುತ್ತದೆ.

ಸರಸ್ವತಿಪುರಂನ ಯಂತ್ರದಲ್ಲಿ ಈಗ ‘ಇ’ ಅಕ್ಷರದ ನಾಲ್ಕು ಸ್ಟಿಕ್‌ಗಳಿವೆ, 32 ಜಿಬಿ. ತಪ್ಪಿ ತಂದ ಎರಡು ‘ಆರ್’ ಸ್ಟಿಕ್‌ಗಳು ಗೆಳೆಯರ ಡ್ರಾಯರ್‌ನಲ್ಲಿ ಹಾಗೇ ಬಿದ್ದಿವೆ. ಎಚ್‌ಪಿ ಝೆಡ್620 ರಿಜಿಸ್ಟರ್ಡ್ ಮೆಮೊರಿ ಒಪ್ಪುತ್ತದೆ. ಅದನ್ನಿಟ್ಟುಕೊಂಡಿರುವ ಪರಿಚಯಸ್ಥರು ಸಿಕ್ಕರೆ ಬಿಟ್ಟಿಯಾಗಿ ಕೊಟ್ಟುಬಿಡುತ್ತಾರಂತೆ.