ಬಿಳಿಗುಡ್ಡೆಯಲ್ಲಿ ಹೊರಳುವ ದಾರ

ಖಾನಾಪುರದ ತೋಟದಿಂದ ಮನೆಗೆ ಮರಳಿದ ಅಜ್ಜಿಯ ಎಡಗಣ್ಣು ಕೆಂಪಾಗಿದೆ; ಬಿಳಿಗುಡ್ಡೆಯಲ್ಲಿ ದಾರದಂಥದ್ದೇನೋ ಹೊರಳಿ ಮಾಯವಾಯಿತು ಎಂದು ಮೊಮ್ಮಗಳು ಬರೆದಿದ್ದಾರೆ. ಹುಳ ಮಿದುಳಿಗೆ ಹತ್ತೀತೇ ಎಂಬ ಭಯ ಅವರದು.

ಆ ಸಾಧ್ಯತೆ ತೀರಾ ಕಡಿಮೆ.

ಇಂಥ ಪ್ರಕರಣಗಳನ್ನು ಕರಾವಳಿ ಕರ್ನಾಟಕದ, ಕೇರಳದ ವೈದ್ಯರು ಹಲವು ಸಲ ವರದಿ ಮಾಡಿದ್ದಾರೆ. ಹೆಚ್ಚಾಗಿ ಅದು ಡೈರೋಫೈಲೇರಿಯಾ ರೆಪೆನ್ಸ್, ನಾಯಿಗಳ ಹುಳ. ನಾಯಿ ನೆಕ್ಕಿದರೆ ಬರುವುದಿಲ್ಲ, ಸೊಳ್ಳೆ ಕಚ್ಚಿದರೆ ಬರುತ್ತದೆ. ಮನೆಯ ನಾಯಿಯನ್ನು ಬೈದು ಫಲವಿಲ್ಲ.

ಹುಳ ಜಾಗ ಬದಲಿಸುತ್ತದೆ. ಕಂಡ ಕೂಡಲೇ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಅಂದೇ ನೇತ್ರತಜ್ಞರ ಬಳಿ ಹೋಗುವುದು ಜಾಣತನ. ಅವರು ಸ್ಲಿಟ್ ಲ್ಯಾಂಪ್ ಎಂಬ ಉಪಕರಣದಲ್ಲಿ ನೋಡಿ, ಮರಗಟ್ಟಿಸುವ ಹನಿ ಹಾಕಿ, ಮೇಲ್ಪೊರೆಯನ್ನು ಚೂರು ಕತ್ತರಿಸಿ ಚಿಮಟದಿಂದ ಇಡೀ ಹುಳವನ್ನು ಎಳೆಯುತ್ತಾರೆ. ಬೆರಳುದ್ದದ ಹುಳ ಬಂದರೂ ಅಚ್ಚರಿಯಿಲ್ಲ. ಪ್ರಯೋಗಾಲಯದಲ್ಲಿ ಅದರ ಮೈಮೇಲಿನ ಉದ್ದುದ್ದ ಗೀರುಗಳೇ ಗುರುತು. ಮನುಷ್ಯರಲ್ಲಿ ಅದು ಸಾಮಾನ್ಯವಾಗಿ ಮರಿ ಹಾಕದ ಕಾರಣ, ಪೂರ್ತಿ ತೆಗೆದ ಮೇಲೆ ಮಾತ್ರೆ ಬೇಕಾಗುವುದು ಅಪರೂಪ.

ಅಂಗಡಿಯಿಂದ ಹುಳದ ಮಾತ್ರೆ ಆಲ್ಬೆಂಡಜೋಲ್ ತಂದು ನುಂಗಿಸುವುದಂತೂ ಬೇಡವೇ ಬೇಡ. ಒಳಗಿರುವುದು ಲಾಡಿಹುಳದ ಮರಿಗೂಡಾಗಿದ್ದರೆ, ಅದು ಕಣ್ಣೊಳಗೇ ಸತ್ತು ಉರಿಯೂತವೆಬ್ಬಿಸಿ ದೃಷ್ಟಿಯನ್ನೇ ಕಸಿಯಬಹುದು. ಅದನ್ನು ಪತ್ತೆ ಮಾಡಲು ಕಣ್ಣಿನ ಸ್ಕ್ಯಾನಿಂಗ್ ಬೇಕು.