ಹನ್ನೆರಡು ಹುಡುಗರನ್ನು ಆರಿಸುವಾಗ

ತಮ್ಮಾ, ಜಿಲ್ಲಾ ಸಬ್ ಜೂನಿಯರ್ ಕಬಡ್ಡಿ ತಂಡದ ಆಯ್ಕೆಗೆ ಈ ಸಲ ನಿನ್ನನ್ನೂ ಕೂರಿಸುತ್ತಾರೆ ಅಂತ ಕೇಳಿದೆ. ಒಳ್ಳೆಯದಾಯಿತು. ನಮ್ಮಂಥ ಹಳಬರಿಗೆ ಹುಡುಗನ ಹೆಸರು ಕೇಳಿದ ಕೂಡಲೇ ಅವನ ಅಪ್ಪ, ಅವನ ಊರು, ಅವನ ಮಾಸ್ತರು ಎಲ್ಲ ಕಣ್ಣ ಮುಂದೆ ಬರುತ್ತಾರೆ, ಆಟವೊಂದು ಬಿಟ್ಟು. ನಿನಗಿನ್ನೂ ಆ ಕಾಯಿಲೆ ಹತ್ತಿಲ್ಲ.

ಟ್ರಯಲ್ಸ್ ದಿನ ಹೇಗಿರುತ್ತದೆ ಅಂತ ನಿನಗೆ ಗೊತ್ತಿರುವುದೇ. ಲಿಂಗಸುಗೂರು, ಮಸ್ಕಿ, ದೇವದುರ್ಗ, ಮಾನ್ವಿಯಿಂದ ಮೊದಲ ಬಸ್ಸು ಹಿಡಿದು ಬಂದ ಹುಡುಗರು, ಅರ್ಧಕ್ಕರ್ಧ ಜನರ ಹೊಟ್ಟೆಗೆ ಏನೂ ಬಿದ್ದಿರುವುದಿಲ್ಲ. ಬೇಕಾದವರು ಹನ್ನೆರಡು, ನಿಂತವರು ಮೈದಾನದ ತುಂಬ. ಒಂದು ರೈಡಿಗೆ 30 ಸೆಕೆಂಡು. ಇಷ್ಟರಲ್ಲಿ ಹುಡುಗನನ್ನು ಅಳೆಯಬೇಕು. ಆತುರವಾದಾಗ ಕಣ್ಣು ಎಲ್ಲಿಗೆ ಹೋಗುತ್ತದೆ? ಎತ್ತರಕ್ಕೆ, ತೋಳಿಗೆ, ಚಿಗುರುತ್ತಿರುವ ಮೀಸೆಗೆ. ಎತ್ತು ಕೊಳ್ಳಲು ಸಂತೆಗೆ ಹೋದವನ ಹಾಗೆ ಮೈಕಟ್ಟು ನೋಡಿ ಬೆಲೆ ಕಟ್ಟಿಬಿಡುತ್ತೇವೆ. ನಾನು ನಿನಗೆ ಹೇಳಬೇಕಾದದ್ದು ಇದೊಂದೇ: ಆ ವಯಸ್ಸಿನಲ್ಲಿ ದೇಹ ಇವತ್ತಿನದು, ಆಟ ಮುಂದಿನದು. ನೀನು ಆಟವನ್ನು ನೋಡು.

ಸಬ್ ಜೂನಿಯರ್ ಅಂದರೆ 16 ವರ್ಷದ ಒಳಗಿನವರು. ಒಬ್ಬ ಹದಿಮೂರಕ್ಕೇ ಬೆಳೆದು ನಿಂತಿರುತ್ತಾನೆ, ಇನ್ನೊಬ್ಬನಿಗೆ ಹದಿನಾರು ಹತ್ತಿರ ಬಂದರೂ ದನಿ ಒಡೆದಿರುವುದಿಲ್ಲ. ಇದು ನಮ್ಮೂರಿನ ಸಮಸ್ಯೆ ಮಾತ್ರ ಅಲ್ಲ. ಕೆನಡಾದ ಐಸ್ ಹಾಕಿ ಆಟಗಾರರ ಹುಟ್ಟಿದ ದಿನಾಂಕಗಳನ್ನು 1985ರಲ್ಲಿ ರೋಜರ್ ಬಾರ್ನ್‌ಸ್ಲಿ ಎಂಬ ಮನಶ್ಶಾಸ್ತ್ರಜ್ಞರು ಜೋಡಿಸಿ ನೋಡಿದರು. ಅಲ್ಲಿ ವಯಸ್ಸಿನ ಲೆಕ್ಕ ಜನವರಿ 1ರಿಂದ ಶುರು. ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ತಂಡಗಳಲ್ಲಿ ತುಂಬಿಕೊಂಡಿದ್ದರು. ಹತ್ತು ತಿಂಗಳು ದೊಡ್ಡವನಾಗಿದ್ದದ್ದೇ ಪ್ರತಿಭೆ ಅನ್ನಿಸಿಕೊಂಡಿತ್ತು. ನ್ಯೂಜಿಲೆಂಡಿನಲ್ಲಿ ಮಕ್ಕಳ ರಗ್ಬಿಗೆ ಬರೀ ವಯಸ್ಸನ್ನು ನೆಚ್ಚದೆ ತೂಕದ ಮೇಲೂ ಗುಂಪು ಮಾಡುತ್ತಾರೆ, ಮೈಯಲ್ಲಿ ದೊಡ್ಡವನು ಸಣ್ಣವನನ್ನು ತುಳಿದುಕೊಂಡು ಹೋಗಬಾರದು ಅಂತ. ಕೆನಡಾದವರ ಲೆಕ್ಕ ನಮ್ಮಲ್ಲಿ ನಡೆಯುವುದಿಲ್ಲ ಬಿಡು. ನಮ್ಮ ಹಾಜರಿ ಪುಸ್ತಕ ತೆಗೆದು ನೋಡು, ಅರ್ಧ ತರಗತಿ ಹುಟ್ಟಿದ್ದು ಜೂನ್ 1ಕ್ಕೆ! ಹೆಸರು ಹಚ್ಚುವ ದಿನ ಹೆಡ್ ಮಾಸ್ಟರು ಬರೆದದ್ದೇ ಜನ್ಮದಿನ. ಆದ್ದರಿಂದ ಕಾಗದ ವಯಸ್ಸು ಹೇಳಿದರೂ ನಿನ್ನ ಕಣ್ಣು ಬೇರೆ ಲೆಕ್ಕ ಇಟ್ಟುಕೊಂಡಿರಲಿ.

ತೂಕದ ಮಿತಿ ನಮ್ಮ ಕಬಡ್ಡಿಯಲ್ಲೂ ಇದೆ. ಅದರ ಹಿಂದೆಯೇ ಒಂದು ಅಪಾಯವೂ ಇದೆ. ಮಿತಿಗೆ ಒಂದೆರಡು ಕಿಲೋ ಮೇಲಿರುವ ಹುಡುಗ ಹಿಂದಿನ ರಾತ್ರಿಯಿಂದ ನೀರು ಬಿಡುತ್ತಾನೆ, ಸ್ವೆಟರ್ ಹಾಕಿಕೊಂಡು ಓಡುತ್ತಾನೆ. ರಾಯಚೂರು ಜಿಲ್ಲೆಯ ಬಿಸಿಲಿನಲ್ಲಿ ಇದು ಹುಡುಗಾಟವಲ್ಲ. ತುಟಿ ಒಣಗಿ ಕಣ್ಣು ಒಳಗೆ ಹೋಗಿದ್ದರೆ ತಕ್ಕಡಿಯಿಂದ ಇಳಿದ ಮೇಲೆ ಅವನನ್ನು ಕೂರಿಸು, ನೀರು ಕುಡಿಸು, ಏನಾದರೂ ತಿನ್ನಿಸು, ಕೊನೆಯ ಪಾಳಿಯಲ್ಲಿ ಆಡಿಸು. ಕಳಿಸಿದ ಮಾಸ್ತರಿಗೆ ಎರಡು ಮಾತು ಗಟ್ಟಿಯಾಗಿ ಹೇಳಲು ಹಿಂಜರಿಯಬೇಡ.

ಶಾಲೆಗೆ ಶಾಲೆಯನ್ನೇ ಎದುರು ನಿಲ್ಲಿಸಿ ಆಡಿಸಿದರೆ ನಿನಗೆ ಶಾಲೆ ಕಾಣುತ್ತದೆ, ಹುಡುಗ ಕಾಣುವುದಿಲ್ಲ. ಹಾಸ್ಟೆಲ್ ಹುಡುಗರು ದಿನಾ ಬೆಳಿಗ್ಗೆ ಒಟ್ಟಿಗೆ ಪ್ರಾಕ್ಟೀಸ್ ಮಾಡಿರುತ್ತಾರೆ, ಅವರು ಕೈ ಕೈ ಹಿಡಿದು ಕಟ್ಟುವ ಚೈನ್ ಕಣ್ಣು ಮುಚ್ಚಿಕೊಂಡು ಕೂಡುತ್ತದೆ. ಒಳ್ಳೆಯ ಕವರ್ ಪಕ್ಕದಲ್ಲಿದ್ದರೆ ಸಾಲಿನ ತುದಿಗೆ ನಿಲ್ಲುವ ಸಾಧಾರಣ ಕಾರ್ನರ್ ಕೂಡ ಹುಲಿಯಾಗುತ್ತಾನೆ. ಎಲ್ಲರನ್ನೂ ಬೆರೆಸಿಬಿಡು. ಹೆಸರು ಕೇಳಬೇಡ, ಶಾಲೆ ಕೇಳಬೇಡ, ತೋಳಿನ ಮೇಲೆ ಮಾರ್ಕರ್‌ನಿಂದ ನಂಬರ್ ಬರೆ. ಎರಡು ಪಾಳಿ ಆದ ಮೇಲೆ ತಂಡಗಳನ್ನು ಮತ್ತೊಮ್ಮೆ ಕಲಸು. ಅಪರಿಚಿತರ ನಡುವೆ ನಿಂತು ಐದು ನಿಮಿಷದಲ್ಲಿ ಪಕ್ಕದವನ ಕೈ ಹಿಡಿದು ಹೊಂದಿಕೊಳ್ಳುವವನು ಜಿಲ್ಲಾ ತಂಡಕ್ಕೆ ಬೇಕು, ಯಾಕೆಂದರೆ ಜಿಲ್ಲಾ ತಂಡವೇ ಅಪರಿಚಿತರ ತಂಡ.

2019ರ ಜನವರಿಯಲ್ಲಿ ಪ್ರೊ ಕಬಡ್ಡಿ ಫೈನಲ್‌ನಲ್ಲಿ ಬೆಂಗಳೂರು ಬುಲ್ಸ್‌ನ ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತಂದ. ಟಿವಿಯಲ್ಲಿ ಅಂಥದ್ದನ್ನು ನೋಡಿದ ಮೇಲೆ ಯಾವ ಹುಡುಗನನ್ನು ಕೇಳಿದರೂ ‘ನಾನು ರೈಡರ್ ಸರ್’ ಅನ್ನುತ್ತಾನೆ. ರೈಡರನ್ನು ನೋಡುವಾಗ ಮುಟ್ಟಿ ಬಂದದ್ದನ್ನಷ್ಟೇ ಎಣಿಸಬೇಡ. ಎದುರಿಗೆ ಆರು ಮಂದಿ ಇದ್ದಾರೋ ಐದು ಮಂದಿಯೋ ಅಂತ ನೋಡಿಕೊಂಡು ಬೋನಸ್‌ಗೆ ಕಾಲು ಹಾಕುತ್ತಾನೋ, ಐದೇ ಮಂದಿ ಇದ್ದಾಗಲೂ ಸುಮ್ಮನೆ ಹಾಕಿ ಕಾಲು ಕೊಡುತ್ತಾನೋ? ಯಾರನ್ನೂ ಮುಟ್ಟದೆ ಲಾಬಿಗೆ ಕಾಲಿಟ್ಟು ಔಟಾಗುತ್ತಾನೋ? ತನ್ನ ಕಡೆ ಇಬ್ಬರೇ ಉಳಿದಾಗ ಹೇಗೆ ಹೋಗುತ್ತಾನೆ? ತಲೆ ಇದ್ದವನು ಯಾರು ಅಂತ ಇವು ಹೇಳುತ್ತವೆ.

ಆದರೆ ನಿನ್ನ ಹೊತ್ತನ್ನು ಹೆಚ್ಚು ಕಾರ್ನರ್ ಹುಡುಗರಿಗೆ ಕೊಡು. ಅವರನ್ನು ಯಾರೂ ನೋಡುವುದಿಲ್ಲ. ಒಳ್ಳೆಯ ಕಾರ್ನರ್‌ನ ಕಣ್ಣು ರೈಡರ್‌ನ ಮುಖದ ಮೇಲೆ ಇರುವುದಿಲ್ಲ, ಸೊಂಟದಿಂದ ಕೆಳಗೆ ಇರುತ್ತದೆ. ರೈಡರ್ ಕೈ ಬೀಸಿದಾಗ ಕೆಟ್ಟವನು ಹಾರಿ ಬೀಳುತ್ತಾನೆ. ಒಳ್ಳೆಯವನು ಅರ್ಧ ಹೆಜ್ಜೆ ಹಿಂದೆ ಸರಿದು, ಮತ್ತೆ ಅಷ್ಟೇ ಮುಂದೆ ಬಂದು ಕಾಯುತ್ತಾನೆ. ರೈಡರ್ ತಿರುಗಲು ಮೈಭಾರವನ್ನೆಲ್ಲ ಮುಂದಿನ ಕಾಲಿಗೆ ಹಾಕುವ ಒಂದು ಕ್ಷಣ ಬರುತ್ತದೆ, ಆ ಕಾಲು ಆಗ ಏಳುವುದಿಲ್ಲ. ಅದೇ ಹೊತ್ತಿಗೆ ಎರಡು ಕೈಯೂ ಆ್ಯಂಕಲ್ ಮೇಲೆ, ಭುಜ ಮೊಣಕಾಲಿನ ಕೆಳಗೆ, ತಲೆ ಹೊರಗೆ. ಹಿಡಿದ ಮೇಲೆ ಪಕ್ಕದವನು ಬಂದು ಮುಚ್ಚುವವರೆಗೆ ಬಿಡುವುದಿಲ್ಲ. ಇದಕ್ಕೆ ತೋಳಿನ ದಪ್ಪ ಬೇಕಿಲ್ಲ. ನಲವತ್ತು ಕಿಲೋ ಹುಡುಗ ಇದನ್ನು ಸರಿಯಾಗಿ ಮಾಡಿದನೆಂದರೆ, ಹಿಡಿತ ತಪ್ಪಿ ರೈಡರ್ ಪಾರಾದರೂ ಅವನ ನಂಬರಿನ ಮುಂದೆ ಗುರುತು ಹಾಕು. ಬಲ ಎರಡು ವರ್ಷದಲ್ಲಿ ಬರುತ್ತದೆ, ಆ ತಾಳ್ಮೆಯನ್ನು ಯಾರೂ ಕಲಿಸಲಾರರು ಅಂತ ನನ್ನ ನಂಬಿಕೆ.

ಇನ್ನೊಂದು ಜಾಗ ಇದೆ, ಅಲ್ಲಿ ಆಯ್ಕೆದಾರರು ಕಣ್ಣು ಹಾಯಿಸುವುದೇ ಇಲ್ಲ: ಔಟಾದವರು ಕೂರುವ ಪಟ್ಟಿ. ಔಟಾದ ಕ್ರಮದಲ್ಲೇ ಒಳಗೆ ಬರಬೇಕಲ್ಲವೇ? ತನ್ನ ಪಾಳಿ ಯಾವುದು ಅಂತ ಗೊತ್ತಿದ್ದು, ಕೂತಲ್ಲಿಂದಲೇ ‘ಐದು ಮಂದಿ, ಬೋನಸ್ ಇಲ್ಲ’ ಅಂತ ಕೂಗುವವನು ಒಬ್ಬ. ಅಂಗಿಯ ತುದಿಯಿಂದ ಮುಖ ಒರೆಸಿಕೊಳ್ಳುತ್ತಾ ಮುಟ್ಟಿದವನನ್ನು ಬೈಯುವವನು ಇನ್ನೊಬ್ಬ. ಕೂಗಲು ಬಾರದವರೂ ಇರುತ್ತಾರೆ ಅನ್ನುವುದನ್ನು ಮರೆಯಬೇಡ. ನಮ್ಮ ಸಿಂಧನೂರಿನ ಆರ್.ಎಚ್. ಕ್ಯಾಂಪ್ ಎಂಬ ಪುನರ್ವಸತಿ ಊರಿನ ಹುಡುಗರ ಮನೆಮಾತು ಬಂಗಾಲಿ, ಕಾಲುವೆ ಕೆಳಗಿನ ಎಷ್ಟೋ ಕ್ಯಾಂಪಿನವರದು ತೆಲುಗು. ಅವರು ಸುಮ್ಮನಿದ್ದರೆ ಅದನ್ನು ಹೆದರಿಕೆ ಅಂತ ಓದಬೇಡ.

ಮ್ಯಾಟ್ ವಿಷಯ. ಹಳ್ಳಿಯವನು ಮಣ್ಣಿನಲ್ಲಿ ಬರಿಗಾಲಲ್ಲಿ ಆಡಿದವನು. ಅವನಿಗೆ ಮ್ಯಾಟ್ ಮೇಲೆ ಯಾರದೋ ಬೂಟು ಹಾಕಿಸಿ ನಿಲ್ಲಿಸಿದರೆ ತಿರುಗುವಲ್ಲಿ ಕಾಲು ಕಚ್ಚಿಕೊಳ್ಳುತ್ತದೆ. ಮೊದಲ ಪಾಳಿಯನ್ನು ಲೆಕ್ಕಕ್ಕೆ ಹಿಡಿಯಬೇಡ.

ಎಲ್ಲವನ್ನೂ ಆಗಿಂದಾಗ್ಗೆ ನೋಟ್‌ಬುಕ್ಕಿನಲ್ಲಿ ಬರೆ: ನಂಬರ್, ರೈಡ್ ಎಷ್ಟು, ಟಚ್ ಎಷ್ಟು, ಖಾಲಿ ಎಷ್ಟು, ಹಿಡಿಯಬಾರದಾಗ ಹಿಡಿಯಲು ಹೋಗಿ ಕೊಟ್ಟ ಅಂಕ ಎಷ್ಟು. ಸಂಜೆ ಫೋನ್ ಬರುತ್ತದೆ. ‘ನಮ್ಮ ಹುಡುಗ ಒಬ್ಬ ಅದಾನ್ರಿ ಸರ, ಸ್ವಲ್ಪ ನೋಡ್ರಿ.’ ಜಗಳ ಆಡಬೇಡ, ದೊಡ್ಡ ಮಾತೂ ಆಡಬೇಡ. ‘ನೋಡೀನ್ರಿ, ಬರಕೊಂಡೀನ್ರಿ’ ಅನ್ನು. ಬರೆದದ್ದು ಕೈಯಲ್ಲಿದ್ದರೆ ಸಮಿತಿಯ ಹಿರಿಯರೂ ನಿನ್ನನ್ನು ಸುಲಭವಾಗಿ ಅಲ್ಲಾಡಿಸಲಾರರು. ಹಿರಿಯರಲ್ಲಿ ನಾನೂ ಸೇರಿದ್ದೇನೆ, ಅದು ಗೊತ್ತಿರಲಿ.

ಪಟ್ಟಿಯನ್ನು ಗೋಡೆಗೆ ಅಂಟಿಸಿ ಜೀಪು ಹತ್ತಿಬಿಡುವ ಪದ್ಧತಿ ನನಗೆ ಸೇರುವುದಿಲ್ಲ. ಕೊನೆಯ ಸುತ್ತಿನವರೆಗೆ ಬಂದು ಬಿಟ್ಟುಹೋದವರನ್ನು ಒಬ್ಬೊಬ್ಬರನ್ನೇ ಕರೆದು ಹೇಳು. ‘ಇನ್ನೂ ಚೆನ್ನಾಗಿ ಆಡು’ ಅಂದರೆ ಅದು ಏನೂ ಹೇಳದ ಹಾಗೆ. ‘ನೀನು ಎಡ ಕಾರ್ನರ್‌ನಲ್ಲಿ ಮೊದಲೇ ಏಳುತ್ತೀ, ಒಂದು ಎಣಿಕೆ ತಡೆ’ ಅನ್ನು. ಮಸ್ಕಿಗೆ ಹೋಗುವ ಬಸ್ಸಿನಲ್ಲಿ ಕೂತು ಯೋಚಿಸಲು ಅವನಿಗೆ ಏನಾದರೂ ಬೇಕು.

ಆಯ್ಕೆಯಾದವರ ಮನೆಗೆ ನೀನೇ ಫೋನ್ ಮಾಡು. ತಂಡದ ತರಬೇತಿ ಕ್ಯಾಂಪು ನಾಟಿಯ ಹಂಗಾಮಿಗೆ ಬಿದ್ದರೆ ಸಿಂಧನೂರು ಕಡೆಯ ಹುಡುಗ ಗದ್ದೆಯಲ್ಲಿರುತ್ತಾನೆ. ಹತ್ತಿ ಬಿಡಿಸುವ ಹೊತ್ತಿಗೆ ಬಿದ್ದರೆ ಲಿಂಗಸುಗೂರಿನ ಒಣಭೂಮಿಯವನು ಸಿಗುವುದಿಲ್ಲ, ಅಪ್ಪ ಅವ್ವ ಗುಳೆ ಹೋಗಿದ್ದರೆ ತಮ್ಮ ತಂಗಿಯರನ್ನು ನೋಡಿಕೊಳ್ಳುವವನು ಅವನೇ ಆಗಿರುತ್ತಾನೆ. ಕ್ಯಾಂಪಿಗೆ ಬರಲಿಲ್ಲ ಅಂತ ಶಿಸ್ತಿನ ಹೆಸರಲ್ಲಿ ಹೆಸರು ಹೊಡೆದು ಹಾಕುವ ಮೊದಲು ಒಮ್ಮೆ ಅವನ ಊರಿಗೆ ಹೋಗಿ ಬಾ. ಹೋಗುವಾಗ ಅಲ್ಲಿನ ಹೆಡ್ ಮಾಸ್ಟರನ್ನೂ ಜೊತೆಗೆ ಕರೆದುಕೋ. ಅಪ್ಪ ನಿನ್ನ ಮಾತು ಕೇಳದಿದ್ದರೂ ಅವರ ಮಾತು ಕೇಳುತ್ತಾನೆ.